ಮುಚ್ಚಿದ ಸ್ಟುಡಿಯೋ, ಕೊಂಡವರ ಸಹಿ

ಹೋದ ತಿಂಗಳು ಚಿಕ್ಕಮಗಳೂರಿನ ನಮ್ಮ ಆಫೀಸಿಗೆ ಮೂಡಿಗೆರೆ ಕಡೆಯ ಹುಡುಗನೊಬ್ಬ ಬಂದಿದ್ದ. ಅವರ ತೋಟದ ಲೆಕ್ಕ ನೋಡುವುದು ನಾನೇ. ಹುಡುಗ ಬೆಂಗಳೂರಿನ ಒಂದು ವಿಡಿಯೋ ಗೇಮ್ ಸ್ಟುಡಿಯೋದಲ್ಲಿದ್ದ. ಅದಕ್ಕೆ ಬೀಗ ಬಿತ್ತು. ಸೆಟ್ಲ್‌ಮೆಂಟ್ ಹಾಳೆ ಮುಂದಿಟ್ಟು, ಎಲ್ಲ ಸರಿಯಿದೆಯಾ ನೋಡಿ ಅಂದ. ಗ್ರಾಚ್ಯುಟಿ ಸರಿ ಇತ್ತು. ಉಳಿದ ರಜೆಯಲ್ಲಿ ಒಂಬತ್ತು ದಿನ ಕಮ್ಮಿ ಹಿಡಿದಿದ್ದರು. ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ.

"ಅಂಕಲ್, ನಮ್ಮ ಗೇಮ್ ಚೆನ್ನಾಗೇ ಹೋಗಿತ್ತು. ಇದಕ್ಕೆ ಹೊಣೆ ಯಾರು?"

ಆಡಿಟರ್ ಬುದ್ಧಿ ನೋಡಿ, ಬೀಗ ಹಾಕಿದ ದಿನದ ಕಾಗದಕ್ಕಿಂತ ಮೊದಲು ನಾನು ಕೊಂಡ ದಿನದ ಕಾಗದ ಕೇಳುತ್ತೇನೆ. ಕಾಫಿ ರೇಟು ಏರಿದ ವರ್ಷ ಪಕ್ಕದ ತೋಟಕ್ಕೆ ಅಡ್ವಾನ್ಸ್ ಕೊಟ್ಟುಬಿಡುವವರು ನಮ್ಮಲ್ಲಿ ಜಾಸ್ತಿ. ಬ್ಯಾಂಕ್ ಸಾಲ ಇನ್ನೂ ಮಂಜೂರಾಗಿರುವುದಿಲ್ಲ. ಸಾಲ ಕೈಕೊಟ್ಟರೆ ಮೊದಲು ಮರಗಸಿ (ನೆರಳು ಮರದ ಕೊಂಬೆ ಸವರುವುದು) ನಿಲ್ಲುತ್ತದೆ, ಗೊಬ್ಬರ ನಿಲ್ಲುತ್ತದೆ, ಆಮೇಲೆ ಕೂಲಿಯವರ ಲೈನ್ ಮನೆ ಖಾಲಿ. ಗಿಡದ ತಪ್ಪೇನಿತ್ತು?

ಸ್ವೀಡನ್ನಿನ ಗೇಮ್ ಕಂಪನಿ ಎಂಬ್ರೇಸರ್ ಗ್ರೂಪ್ ಕಥೆ ಹೆಚ್ಚುಕಮ್ಮಿ ಹೀಗೇ. ಒಂದಾದ ಮೇಲೊಂದು ಸ್ಟುಡಿಯೋ ಕೊಂಡಿತು. ಸುಮಾರು 200 ಕೋಟಿ ಡಾಲರಿನ ಒಂದು ಒಪ್ಪಂದವನ್ನು ನಂಬಿಕೊಂಡಿತ್ತು. 2023ರ ಮೇನಲ್ಲಿ ಅದು ಮುರಿದುಬಿತ್ತು. ಆಗಸ್ಟ್ ಕೊನೆಗೆ ಅದರ ಕೈಯಲ್ಲಿದ್ದ ಅಮೆರಿಕದ ವೊಲಿಶನ್ ಸ್ಟುಡಿಯೋ ಮುಚ್ಚಿತು. 1993ರಿಂದ ನಡೆದುಬಂದ ಸ್ಟುಡಿಯೋ ಅದು. ಅದರ ಕೊನೆಯ ಸೇಂಟ್ಸ್ ರೋ ಗೇಮ್ ಸೊರಗಿತ್ತು, ನಿಜ. ಆದರೆ ಬಾರದ ಹಣವನ್ನು ಲೆಕ್ಕಕ್ಕೆ ಹಿಡಿದದ್ದು ಅಲ್ಲಿ ಕೂತು ಗೇಮ್ ಮಾಡುತ್ತಿದ್ದವರಲ್ಲ. ಗ್ರೂಪಿನ ಸ್ಥಾಪಕ ಲಾರ್ಸ್ ವಿಂಗೆಫೋರ್ಸ್ 2025ರಲ್ಲಿ ಸಿಇಒ ಕುರ್ಚಿ ಬಿಟ್ಟರು. ಕೂತದ್ದು ಅಧ್ಯಕ್ಷರ ಕುರ್ಚಿಯಲ್ಲಿ.

ಸಾಲದ ಚಿಂತೆ ಇಲ್ಲದವರೂ ಮುಚ್ಚುತ್ತಾರೆ. 2024ರ ಮೇನಲ್ಲಿ ಮೈಕ್ರೋಸಾಫ್ಟ್ ಜಪಾನಿನಲ್ಲಿದ್ದ ತನ್ನ ಟ್ಯಾಂಗೋ ಗೇಮ್‌ವರ್ಕ್ಸ್ ಸ್ಟುಡಿಯೋ ಮುಚ್ಚುವುದಾಗಿ ಹೇಳಿತು. ಹಿಂದಿನ ವರ್ಷವಷ್ಟೇ ಅದರ ಹೈ-ಫೈ ರಶ್ ಗೇಮನ್ನು ಜನ ಮೆಚ್ಚಿದ್ದರು, ಪ್ರಶಸ್ತಿಗಳೂ ಬಂದಿದ್ದವು. ಆಗಸ್ಟ್‌ನಲ್ಲಿ ಕೊರಿಯಾದ ಗೇಮ್ ಕಂಪನಿ ಕ್ರಾಫ್ಟನ್ ಆ ಗೇಮನ್ನು ಕೊಂಡು ತಂಡವನ್ನು ಕರೆದುಕೊಂಡಿತು. ಹಾಗಾದರೆ ಅದಕ್ಕೆ ಬೆಲೆ ಇತ್ತು ಅಲ್ವಾ?

ಇಲ್ಲೊಂದು ಲೆಕ್ಕದ ಚಮತ್ಕಾರ ಇದೆ. ಸ್ಟುಡಿಯೋದ ಸಂಬಳ ಪ್ರತಿ ವರ್ಷದ ಖರ್ಚು. ಮುಚ್ಚುವ ಖರ್ಚು ಒಂದೇ ಸಲದ್ದು, ಅದನ್ನು ಬೇರೆ ಸಾಲಿನಲ್ಲಿ ತೋರಿಸಬಹುದು. ಷೇರು ಮಾರುಕಟ್ಟೆಯವರು ಆ ಸಾಲನ್ನು ಬಿಟ್ಟು ಓದುತ್ತಾರೆ. ಮುಂದಿನ ವರ್ಷದ ಲಾಭ ದುಂಡಗೆ ಕಾಣುತ್ತದೆ. ಮೇಲಿನವರ ಬೋನಸ್ ಆ ಲಾಭಕ್ಕೇ ಕಟ್ಟಿದ್ದರೆ? ಕೊಂಡಾಗಲೂ ಚಪ್ಪಾಳೆ, ಮುಚ್ಚಿದಾಗಲೂ ಬೋನಸ್.

ಬೇರೆ ಥರದವರೂ ಇದ್ದರು. 2014ರಲ್ಲಿ ವೀ ಯು ಎಂಬ ಗೇಮ್ ಯಂತ್ರ ಸೋತಾಗ, ಅದನ್ನು ಮಾಡಿದ ಜಪಾನಿನ ನಿಂಟೆಂಡೊ ಕಂಪನಿಯ ಅಧ್ಯಕ್ಷ ಸತೋರು ಇವಾಟಾ ಐದು ತಿಂಗಳು ಅರ್ಧ ಸಂಬಳಕ್ಕೆ ಇಳಿದರು. ಅದರಿಂದ ನಷ್ಟ ತುಂಬಲಿಲ್ಲ, ತುಂಬುವಷ್ಟು ದುಡ್ಡೂ ಅಲ್ಲ ಅದು. ಆದರೂ ಪೆಟ್ಟು ಮೊದಲು ತಮ್ಮ ಮೇಲೆ ಹಾಕಿಕೊಂಡರು.

ನಮ್ಮ 2013ರ ಕಂಪನಿ ಕಾಯ್ದೆಯ 166ನೇ ಸೆಕ್ಷನ್ ಓದಿ ಹೇಳಿದೆ. ನಿರ್ದೇಶಕರು ಷೇರುದಾರರ ಜೊತೆಗೆ ನೌಕರರ ಹಿತವನ್ನೂ ನೋಡಬೇಕು ಅಂತ ಅದರಲ್ಲಿದೆ.

ಹುಡುಗನ ಮುಖ ಅರಳಿತು. "ಹಾಗಾದ್ರೆ ಕೇಸ್ ಹಾಕಬಹುದಾ?"

"ಅದನ್ನು ಹಿಡಿದುಕೊಂಡು ಹೋದರೆ ವರ್ಷಗಟ್ಟಲೆ ಸುಮ್ನೆ ಓಡಾಡಬೇಕಪ್ಪ. ಮೊದಲು ಆ ಒಂಬತ್ತು ದಿನದ ದುಡ್ಡು ಕೇಳೋಣ, ಬಾ" ಅಂದೆ. ಪತ್ರ ಅಲ್ಲೇ ಕೂತು ಟೈಪ್ ಮಾಡಿದ.