ಯುದ್ಧಕ್ಕೇ ಇಳಿಯದ ದೇಶಕ್ಕೆ ಊರುಕಾವಲು ಪಡೆ ಏಕೆ?

ಪ್ರಶ್ನೆ: ಎರಡನೆಯ ಮಹಾಯುದ್ಧದಲ್ಲಿ ಸ್ವಿಟ್ಜರ್ಲೆಂಡ್ ತಟಸ್ಥವಾಗಿತ್ತಲ್ಲವೇ? ಹಾಗಿದ್ದರೂ ಅಲ್ಲಿ ಸ್ವಯಂಸೇವಕರ ಊರುಕಾವಲು ಪಡೆ ಏಕೆ ಬೇಕಾಯಿತು? ಮನೆಗೊಂದು ಬಂದೂಕು ಇದ್ದುದರಿಂದಲೇ ಹಿಟ್ಲರ್ ಆ ದೇಶದ ತಂಟೆಗೆ ಹೋಗಲಿಲ್ಲ ಎನ್ನುತ್ತಾರೆ, ನಿಜವೇ?

ಉತ್ತರ: ಮೊದಲ ಭಾಗಕ್ಕೆ ಸಂತೋಷದಿಂದ ಉತ್ತರಿಸುತ್ತೇನೆ. ಆ ಬಂದೂಕಿನ ಕಥೆಗೆ ಎಷ್ಟನೆಯ ಸಲ ಉತ್ತರ ಬರೆಯುತ್ತಿದ್ದೇನೆ ಎಂಬ ಲೆಕ್ಕವನ್ನು ಮಾತ್ರ ಕೈಬಿಟ್ಟಿದ್ದೇನೆ.

1907ರ ಹೇಗ್ ಒಪ್ಪಂದದ ಪ್ರಕಾರ ತಟಸ್ಥ ದೇಶ ತನ್ನ ನೆಲವನ್ನು ಯುದ್ಧನಿರತರಲ್ಲಿ ಯಾರೂ ಬಳಸದಂತೆ ನೋಡಿಕೊಳ್ಳಬೇಕು. ಅಂದರೆ ಆಯುಧ ಹಿಡಿದು ಗಡಿ ಕಾಯುವುದು ಅದರ ಕರ್ತವ್ಯವೇ. 1940ರ ಏಪ್ರಿಲ್‌ನಲ್ಲಿ ಜರ್ಮನಿ ನುಗ್ಗಿದ ಡೆನ್ಮಾರ್ಕ್, ನಾರ್ವೆ ಎರಡೂ ತಟಸ್ಥ ದೇಶಗಳೇ ಆಗಿದ್ದವು. ಅದನ್ನು ಕಂಡ ಸ್ವಿಸ್ ಸರ್ಕಾರ ಮೇ 7ರಂದು ಊರುಕಾವಲು ಪಡೆಗೆ ಆದೇಶ ಹೊರಡಿಸಿತು. ಮೂರೇ ದಿನಕ್ಕೆ ನೆದರ್ಲೆಂಡ್ಸ್, ಬೆಲ್ಜಿಯಂಗಳ ಮೇಲೂ ದಾಳಿಯಾಯಿತು. ನೆದರ್ಲೆಂಡ್ಸ್‌ನಲ್ಲಿ ಪ್ಯಾರಾಚೂಟ್ ಸೈನಿಕರು ಆಕಾಶದಿಂದಲೇ ಇಳಿದ ಸುದ್ದಿ ಬಂದ ಮೇಲೆ ಹೆಸರು ಕೊಡಲು ಜನ ಮುಗಿಬಿದ್ದರು. 1941ರ ಆರಂಭಕ್ಕೆ ಸಂಖ್ಯೆ ಲಕ್ಷ ದಾಟಿತ್ತು.

ಗಟ್ಟಿ ಗಂಡಸರೆಲ್ಲ ಆಗಲೇ ಸೈನ್ಯದಲ್ಲಿದ್ದರು. ಈ ಪಡೆಗೆ ಸಿಕ್ಕವರು ಸೇನಾ ವಯಸ್ಸಿಗೆ ಬಾರದ ಹುಡುಗರು, ಆ ವಯಸ್ಸು ದಾಟಿದ ಹಿರಿಯರು. ಸಮವಸ್ತ್ರವಿರಲಿಲ್ಲ. ಮೈಮೇಲೆ ತಮ್ಮದೇ ಅಂಗಿ, ಕೋಟು. ತೋಳಿಗೆ ಕೆಂಪು ಬಟ್ಟೆಯ ಮೇಲೆ ಬಿಳಿ ಶಿಲುಬೆಯ ಪಟ್ಟಿ. ಚಿತ್ರ ನೋಡಿದವರು ಅದನ್ನು ಅಲಂಕಾರ ಎಂದುಕೊಳ್ಳುತ್ತಾರೆ. ಜೀವ ಉಳಿಸುವ ಪಟ್ಟಿ ಅದು. ದೂರದಿಂದ ಗುರುತು ಕಾಣಬೇಕು, ಆಯುಧ ಬಚ್ಚಿಡಬಾರದು, ಮೇಲೊಬ್ಬ ಹೊಣೆಗಾರ ಅಧಿಕಾರಿ ಇರಬೇಕು, ಯುದ್ಧನಿಯಮ ಪಾಲಿಸಬೇಕು: ಹೀಗಿದ್ದರಷ್ಟೇ ಸೆರೆಸಿಕ್ಕವನು ಯುದ್ಧಕೈದಿ. ಇಲ್ಲವಾದರೆ ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುವ ಭಯವಿತ್ತು.

ಈಗ ಆ ಹಟಮಾರಿ ಕಥೆಗೆ ಬರೋಣ. ಸ್ವಿಸ್ ಸೈನಿಕ ತನ್ನ ಬಂದೂಕನ್ನು ಮನೆಯಲ್ಲೇ ಇಡುತ್ತಿದ್ದುದು ನಿಜ. ಆದರೆ ಆ ಬಂದೂಕಿನ ಒಡೆಯ 1939ರ ಸೆಪ್ಟೆಂಬರ್‌ನಲ್ಲೇ ಅದನ್ನು ಹೆಗಲಿಗೇರಿಸಿ ಗಡಿಗೆ ಹೋಗಿದ್ದ. ಸೈನ್ಯಕ್ಕೆ ಸೇರಿದವರು ನಾಲ್ಕು ಲಕ್ಷಕ್ಕೂ ಹೆಚ್ಚು. ಊರಲ್ಲಿ ಉಳಿದ ತಾತಂದಿರ ಕೈಗೆ ಬಂದದ್ದು 1889ರ ಮಾದರಿಯ ಹಳೆಯ ಬಂದೂಕು. ಇದಕ್ಕೆ ಹೆದರಿ ಜರ್ಮನಿಯ ಪಾಂಜರ್ ಟ್ಯಾಂಕುಗಳು ಹಿಂದೆ ಸರಿದವು ಎಂದು ಫಾರ್ವರ್ಡ್ ಮಾಡುವವರು ಬೆಲ್ಜಿಯಂ ಕಡೆಗೊಮ್ಮೆ ನೋಡಲಿ. ಅಲ್ಲಿ ಆರು ಲಕ್ಷದಷ್ಟು ಸೈನ್ಯವಿತ್ತು. ಹದಿನೆಂಟು ದಿನಕ್ಕೆ ಶರಣಾಯಿತು.

ಇನ್ನೂ ಒಂದು ಸಂಗತಿ. ಫ್ರಾನ್ಸ್ ಬಿದ್ದ ಮೇಲೆ ಸ್ವಿಸ್ ಸೇನಾಪತಿ ಆನ್ರಿ ಗೀಸಾನ್ 1940ರ ಜುಲೈ 25ರಂದು ರ್‍ಯೂಟ್ಲಿ ಹುಲ್ಲುಗಾವಲಿನಲ್ಲಿ ಅಧಿಕಾರಿಗಳನ್ನು ಸೇರಿಸಿ, ಮುಖ್ಯ ಸೈನ್ಯ ಆಲ್ಪ್ಸ್ ಪರ್ವತಗಳ ಕೋಟೆಗೆ ಹಿಂದೆ ಸರಿಯುವ ಯೋಜನೆಯನ್ನು ವಿವರಿಸಿದರು. ಜ್ಯೂರಿಕ್, ಬಾಸೆಲ್ ಎರಡೂ ಆ ಕೋಟೆಯ ಹೊರಗೇ ಉಳಿಯುವ ಊರುಗಳು. ಮನೆಗೊಂದು ಬಂದೂಕೇ ಸಾಕೆಂಬ ನಂಬಿಕೆ ಸ್ವತಃ ಸೇನಾಪತಿಗೇ ಇರಲಿಲ್ಲ ಎಂದಾಯಿತು.

ಹಾಗಾದರೆ ಜರ್ಮನಿ ಏಕೆ ಬರಲಿಲ್ಲ? ದಾಳಿಯ ಯೋಜನೆಯನ್ನಂತೂ ಅದು ಬರೆದಿಟ್ಟಿತ್ತು. ಆಪರೇಷನ್ ಟಾನೆನ್‌ಬೌಮ್ ಎಂಬುದು ಅದರ ಹೆಸರು. ಆದರೆ ಗೊಟ್ಹಾರ್ಡ್, ಸಿಂಪ್ಲನ್ ರೈಲು ಸುರಂಗಗಳು ಜರ್ಮನಿಯ ಕಲ್ಲಿದ್ದಲನ್ನು ಇಟಲಿಗೆ ಒಯ್ಯುವ ದಾರಿಗಳು. ಸ್ವಿಟ್ಜರ್ಲೆಂಡ್ ಕಾದಾಟಕ್ಕೆ ಇಳಿದು ಅವನ್ನು ಸಿಡಿಸಿಬಿಟ್ಟರೆ ನಷ್ಟ ಜರ್ಮನಿಗೇ. ಸ್ವಿಸ್ ಕಾರ್ಖಾನೆಗಳು ಹೇಗೂ ಆಯುಧ, ಯಂತ್ರಗಳನ್ನು ಮಾರುತ್ತಿದ್ದವು. ಬೇರೆ ದೇಶಗಳಿಂದ ದೋಚಿದ ಚಿನ್ನಕ್ಕೆ ಸ್ವಿಸ್ ಫ್ರಾಂಕ್ ಸಿಗುತ್ತಿತ್ತು; ಸ್ವಿಸ್ ರಾಷ್ಟ್ರೀಯ ಬ್ಯಾಂಕ್ ಜರ್ಮನಿಯ ಕೇಂದ್ರ ಬ್ಯಾಂಕಿನಿಂದ ಕೊಂಡ ಚಿನ್ನ ಸುಮಾರು 120 ಕೋಟಿ ಫ್ರಾಂಕ್‌ನಷ್ಟು. ಹಾಲು ಕರೆಯುವ ಹಸುವನ್ನು ಯಾರು ಕಡಿಯುತ್ತಾರೆ? 1941ರಲ್ಲಿ ರಷ್ಯಾ ಮೇಲೆ ಬಿದ್ದ ನಂತರ ಹಿಟ್ಲರನಿಗೆ ಬಿಡುವೂ ಇರಲಿಲ್ಲ. ಪರ್ವತ ಮತ್ತು ಸೈನ್ಯ ದಾಳಿಯ ಬೆಲೆಯನ್ನು ಏರಿಸಿದವು, ಒಪ್ಪುತ್ತೇನೆ. ಆದರೆ ಆ ಲೆಕ್ಕದಲ್ಲಿ ಗೋಡೆಗೆ ತೂಗುಹಾಕಿದ ಬಂದೂಕು ಒಂದು ಸಣ್ಣ ಬಾಬತ್ತು. ಸಿನಿಮಾದಂತಿಲ್ಲ ಎಂಬ ಕಾರಣಕ್ಕೆ ಈ ಉತ್ತರ ಜನರಿಗೆ ರುಚಿಸುವುದಿಲ್ಲ, ನಾನೇನು ಮಾಡಲಿ.

ಯಾರೂ ಕೇಳದಿದ್ದರೂ ಇದೊಂದನ್ನು ಹೇಳಿಬಿಡುತ್ತೇನೆ. ತಟಸ್ಥ ಐರ್ಲೆಂಡ್ ಮತ್ತು ಸ್ವೀಡನ್ ಕೂಡ ಇಂಥ ಪಡೆ ಕಟ್ಟಿದ್ದು ಅದೇ ಮೇ ತಿಂಗಳ ಕೊನೆಯಲ್ಲೇ. ಸ್ವೀಡನ್ನಿನದು ಇಂದಿಗೂ ಇದೆ. ಐರ್ಲೆಂಡಿನದು ಮೊದಲು ಪೊಲೀಸರ ಕೈಕೆಳಗಿತ್ತು. 1941ರ ಜನವರಿಯಲ್ಲಿ ಅದರ ಒಂದು ಭಾಗ ಸೈನ್ಯಕ್ಕೆ ಸೇರಿತು. ಅಲ್ಲಿನ ಕರಾವಳಿ ಕಾವಲಿನವರದೇ ಬೇರೆ ಕಥೆ. ಕಡಲಂಚಿನ 83 ಕಾವಲು ಠಾಣೆಗಳ ಬಳಿ ಸುಣ್ಣ ಬಳಿದ ಕಲ್ಲುಗಳಿಂದ ಏರ್ (EIRE, ಐರಿಷ್ ಭಾಷೆಯಲ್ಲಿ ಐರ್ಲೆಂಡ್) ಎಂದು ದೇಶದ ಹೆಸರನ್ನು ದೊಡ್ಡದಾಗಿ ಬರೆದರು, ವಿಮಾನದವರು ತಟಸ್ಥ ನೆಲವನ್ನು ಗುರುತಿಸಲಿ ಎಂದು. ಆಮೇಲೆ ಪಕ್ಕದಲ್ಲಿ ಠಾಣೆಯ ಸಂಖ್ಯೆಯೂ ಸೇರಿತು. ಅದರ ಪ್ರಯೋಜನ ಹೆಚ್ಚಾಗಿ ಸಿಕ್ಕಿದ್ದು ಅಟ್ಲಾಂಟಿಕ್ ದಾಟಿ ಬರುವ ಅಮೆರಿಕನ್ ಪೈಲಟ್‌ಗಳಿಗೆ. ದಾರಿ ತಪ್ಪಿ ಇಳಿದ ಮಿತ್ರಕೂಟದವರಲ್ಲಿ ಬಹಳ ಮಂದಿಯನ್ನು ಸದ್ದಿಲ್ಲದೆ ಉತ್ತರದ ಗಡಿ ದಾಟಿಸಿ ಬ್ರಿಟಿಷರ ಉತ್ತರ ಐರ್ಲೆಂಡಿಗೆ ಕಳಿಸಿದರು. ಜರ್ಮನ್ನರನ್ನು ಕರಾ ಎಂಬಲ್ಲಿನ ಬಂಧನ ಶಿಬಿರದಲ್ಲೇ ಇರಿಸಿಕೊಂಡರು.