ಅರ್ಧ ಶ್ಲೋಕ ಹಿಡ್ಕೊಂಡು ಕೋರ್ಟಿಗೆ ಬರಬೇಡಿ

ಕೊಲೆ ಕೇಸಿನ ತೀರ್ಪಿನ ದಿನ ಮಂಡ್ಯ ಕೋರ್ಟಿನ ಹೊರಗೆ ನಿಂತರೆ ಧರ್ಮಶಾಸ್ತ್ರದ ಪಾಠ ಪುಕ್ಕಟೆ ಸಿಗುತ್ತದೆ. ಸತ್ತವರ ಕಡೆಯವರು ಮೊಬೈಲ್‌ನಲ್ಲಿ ಬಂದ ಶ್ಲೋಕ ತೋರಿಸುತ್ತಾರೆ. 'ನೋಡಿ ಸಾ, ಶಾಸ್ತ್ರದಲ್ಲೇ ಬರ್ದೈತೆ. ಕೊಂದೋನ್ನ ಬಿಡಬಾರ್ದು.' ಹತ್ತು ಹೆಜ್ಜೆ ಆಚೆ ಆರೋಪಿಯ ಕಡೆಯವರು ನಿಂತಿರುತ್ತಾರೆ. ಅವರಿಗೆ ಅವತ್ತು 'ದಯವೇ ಧರ್ಮದ ಮೂಲ' ನೆನಪಾಗಿರುತ್ತದೆ. ಬಾಮೈದನ ಕೊಲೆ ಕೇಸಿನಲ್ಲಿ ಗಲ್ಲು ಗಲ್ಲು ಅಂತ ಹಟ ಹಿಡಿದಿದ್ದ ಹಿರಿಯರೊಬ್ಬರು, ತಂಗಿಯ ಮಗ ಬದುವಿನ ಜಗಳದಲ್ಲಿ ಒಳಗೆ ಹೋದಾಗ ಬಸವಣ್ಣನವರ ವಚನ ಹೇಳ್ಕೊಂಡು ನನ್ನ ಆಫೀಸಿಗೆ ಬಂದರು. ಅವರನ್ನು ಆಡ್ಕೊಳ್ಳೋಕೆ ಇದನ್ನು ಬರೆಯುತ್ತಿಲ್ಲ. ನೋವು ಬಂದಾಗ ಮನುಷ್ಯ ಕೈಗೆ ಸಿಕ್ಕಿದ್ದನ್ನು ಹಿಡ್ಕೊಳ್ಳುತ್ತಾನೆ.

ಶಾಸ್ತ್ರ ತರುವುದು ತಪ್ಪಲ್ಲ. ನನಗೆ ರೇಗುವುದು ಅರ್ಧ ತರುತ್ತಾರಲ್ಲ, ಅದಕ್ಕೆ.

ಜಡ್ಜು ಇವತ್ತು 'ಅಪರಾಧಿ' ಅಂದರು, ಶಿಕ್ಷೆಯನ್ನು ನಾಡಿದ್ದಿಗೆ ಇಟ್ಟರು ಅಂತಿಟ್ಟುಕೊಳ್ಳಿ. ಆ ಎರಡು ದಿನ ನನ್ನ ಫೋನು ಬಿಡುವು ಕೊಡುವುದಿಲ್ಲ. 'ಕೊಲೆ ಸಾಬೀತಾಯ್ತಲ್ಲ ಸಾ, ಇನ್ನೇನ್ ಕೇಳೋದೈತೆ? ಯಾರಾದ್ರೂ ದುಡ್ಡು ಕೊಟ್ಟವ್ರಾ?' ಯಾರೂ ಕೊಟ್ಟಿಲ್ಲ. ಕೋರ್ಟಿನ ಮುಂದೆ ಇರುವುದು ಎರಡು ಪ್ರಶ್ನೆ. ಇವನು ಮಾಡಿದನೋ ಇಲ್ಲವೋ ಅನ್ನುವುದು ಮೊದಲನೆಯದು. ಮಾಡಿದ್ದಕ್ಕೆ ಇವನಿಗೆ ಎಷ್ಟು ಶಿಕ್ಷೆ ಅನ್ನುವುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಸಿಕ್ಕಿತು ಅಂದ ಮಾತ್ರಕ್ಕೆ ಎರಡನೆಯದಕ್ಕೂ ಸಿಕ್ಕಿತು ಅಂತ ಅಲ್ಲ. ಇದೊಂದು ಮಾತನ್ನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿಯೇ ಎಳೆದು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಕೊಲೆಗೆ ಹಿಂದೆ ಐಪಿಸಿ 302 ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 103 ಬಂದಿದೆ. ಎರಡರಲ್ಲೂ ಇರುವುದು 'ಮರಣದಂಡನೆ ಅಥವಾ ಜೀವಾವಧಿ'. ಆ 'ಅಥವಾ'ಗೋಸ್ಕರವೇ ಎರಡನೇ ವಿಚಾರಣೆ. ನಮ್ಮ ತಾತಂದಿರ ಕಾಲದಲ್ಲಿ ಗಲ್ಲು ಕೊಡದೆ ಜೀವಾವಧಿ ಕೊಟ್ಟರೆ ಜಡ್ಜು ಕಾರಣ ಬರೆಯಬೇಕಿತ್ತು. 1955ರಲ್ಲಿ ಆ ನಿಯಮ ತೆಗೆದರು. 1973ರ ದಂಡ ಪ್ರಕ್ರಿಯಾ ಸಂಹಿತೆ ಅದನ್ನು ಪೂರ್ತಿ ತಿರುಗಿಸಿತು. ಈಗ ಜೀವಾವಧಿಯೇ ಮಾಮೂಲು. ಗಲ್ಲು ಕೊಡಬೇಕಾದರೆ ವಿಶೇಷ ಕಾರಣ ಬರೆಯಬೇಕು. 1980ರ ಬಚ್ಚನ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 'ಅಪರೂಪದಲ್ಲಿ ಅಪರೂಪ' ಅಂದಿತು. ಆ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಅಪರಾಧದ ಜೊತೆಗೆ ಅಪರಾಧಿಯನ್ನೂ ನೋಡಿ ಅಂತ ಅದೇ ತೀರ್ಪು ಹೇಳಿದ್ದು ಯಾರಿಗೂ ನೆನಪಿಲ್ಲ. ಅವನ ವಯಸ್ಸು, ಮನಸ್ಸಿನ ಸ್ಥಿತಿ, ಹಿಂದಿನ ನಡತೆ, ತಿದ್ದಿಕೊಳ್ಳುವ ಸಾಧ್ಯತೆ ಎಲ್ಲವನ್ನೂ ನೋಡಬೇಕು. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಬಿಗಿ ಮಾಡಿ, ಮನೋವೈದ್ಯರ ವರದಿ, ಜೈಲಿನಲ್ಲಿನ ನಡವಳಿಕೆಯ ವರದಿ ತರಿಸಿಕೊಳ್ಳಿ ಅಂತ ಹೇಳಿದೆ. ಇಷ್ಟಾದ ಮೇಲೂ ಜಿಲ್ಲಾ ಕೋರ್ಟು ಕೊಟ್ಟ ಗಲ್ಲು ಹೈಕೋರ್ಟ್ ಖಾಯಂ ಮಾಡುವ ತನಕ ಜಾರಿಗೆ ಬರುವುದಿಲ್ಲ.

'ಇದೆಲ್ಲ ಇಂಗ್ಲಿಷ್‌ನೋರ ಕಾನೂನು ಸಾ, ನಮ್ ಶಾಸ್ತ್ರದಲ್ಲಿ ಇಷ್ಟೆಲ್ಲ ಇಲ್ಲ' ಅನ್ನುತ್ತಾರೆ. ಇದೆ ಸ್ವಾಮಿ. ಜಮೀನು ತಗೊಳ್ಳುವಾಗ ಪಹಣಿಯ 9ನೇ ಕಾಲಂನಲ್ಲಿ ಹೆಸರು ಮಾತ್ರ ನೋಡಿ ಯಾರೂ ಅಡ್ವಾನ್ಸ್ ಕೊಡುವುದಿಲ್ಲ. 11ನೇ ಕಾಲಂನಲ್ಲಿ ಸಾಲ ಇದೆಯಾ ಅಂತ ಕನ್ನಡಕ ಹಾಕ್ಕೊಂಡು ನೋಡುತ್ತಾರೆ. ಧರ್ಮಗ್ರಂಥ ಅಂದಾಗ ಮಾತ್ರ ಒಂದೇ ಕಾಲಂ ಸಾಕು.

ನಾನು ಸಂಸ್ಕೃತ ಪಂಡಿತನಲ್ಲ. ಓದಿಕೊಂಡ ಮಟ್ಟಿಗೆ ಹೇಳುತ್ತಿದ್ದೇನೆ. ಜನ ಜಾಸ್ತಿ ತರುವುದು ಮನುಸ್ಮೃತಿಯ ಎಂಟನೇ ಅಧ್ಯಾಯದ ಆತತಾಯಿ, ಅಂದರೆ ಕೊಲ್ಲಲು ಬಂದವನ ಶ್ಲೋಕ. ಗುರುವೇ ಆಗಲಿ, ಮುದುಕನೇ ಆಗಲಿ, ಆತತಾಯಿಯಾಗಿ ಬಂದರೆ ಹಿಂದೆಮುಂದೆ ನೋಡದೆ ಕೊಲ್ಲು ಅನ್ನುತ್ತದೆ ಅದು. ಅದು ಮೇಲೆ ಏರಿ ಬರುತ್ತಿರುವವನ ಮಾತು. ಕೈಗೆ ಕೋಳ ಹಾಕಿಸಿಕೊಂಡು ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತವನ ಮಾತಲ್ಲ. ಏರಿ ಬಂದವನಿಂದ ಜೀವ ಉಳಿಸಿಕೊಳ್ಳುವ ಹಕ್ಕು ನಮ್ಮ ಕಾನೂನಿನಲ್ಲೂ ಇದೆ, ಆತ್ಮರಕ್ಷಣೆ ಅಂತ. ಕಟಕಟೆಯವನಿಗೆ ಮನು ಹೇಳಿದ್ದು ಅದೇ ಎಂಟನೇ ಅಧ್ಯಾಯದಲ್ಲಿ ಬೇರೆ ಕಡೆ ಇದೆ. ಯಾಕೆ ಮಾಡಿದ, ಎಲ್ಲಿ, ಯಾವಾಗ, ಅವನ ಶಕ್ತಿ ಎಷ್ಟು, ತಪ್ಪು ಎಂಥದ್ದು, ಎಲ್ಲ ತೂಗಿ ದಂಡಿಸು ಅನ್ನುತ್ತಾನೆ. ಮೊದಲು ಬುದ್ಧಿಮಾತು, ಆಮೇಲೆ ಬೈಗುಳ, ಆಮೇಲೆ ಜುಲ್ಮಾನೆ, ಕೊನೆಗೆ ದೇಹದಂಡನೆ ಅನ್ನುತ್ತಾನೆ. ಇದೇ ಅಲ್ವಾ ಎರಡನೇ ಪ್ರಶ್ನೆ?

ಹಾಗಂತ ಮನುವನ್ನು ಹೊಗಳುತ್ತಿಲ್ಲ. ಬೇರೆಯವರಿಗೆ ಪ್ರಾಣದಂಡನೆಯಾಗುವ ಕಡೆ ಬ್ರಾಹ್ಮಣನಿಗೆ ತಲೆ ಬೋಳಿಸಿದರೆ ಸಾಕು ಅಂತಲೂ ಅದೇ ಅಧ್ಯಾಯದಲ್ಲಿದೆ. ಆ ಸಾಲನ್ನು ಯಾರೂ ವಾಟ್ಸಾಪ್‌ನಲ್ಲಿ ಕಳಿಸುವುದಿಲ್ಲ. ಅಂಬೇಡ್ಕರ್ 1927ರಲ್ಲಿ ಮಹಾಡ್‌ನಲ್ಲಿ ಆ ಗ್ರಂಥ ಸುಟ್ಟಿದ್ದು ಸುಮ್ನೆ ಅಲ್ಲ. ಅದೇ ಅಂಬೇಡ್ಕರ್ 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ, ಮರಣದಂಡನೆಯನ್ನೇ ತೆಗೆದುಹಾಕುವುದು ಸರಿ ಅಂದರು. ಈ ದೇಶದ ಜನ ಆಚರಣೆಯಲ್ಲಿ ಇಲ್ಲದಿದ್ದರೂ ಅಹಿಂಸೆಯನ್ನು ಪಾಲಿಸಬೇಕಾದ ನೀತಿ ಅಂತ ನಂಬಿದ್ದಾರೆ ಅನ್ನುವುದು ಅವರು ಕೊಟ್ಟ ಕಾರಣ. ಸಭೆ ತೆಗೆಯಲಿಲ್ಲ. ಅದು ಬೇರೆ ವಿಷಯ.

ನನಗೆ ಇಷ್ಟವಾದ ಕಥೆ ನಮ್ಮೂರಿನದೇ. ಮಂಡ್ಯಕ್ಕೆ ಆ ಹೆಸರು ಬಂದಿದ್ದು ಮಾಂಡವ್ಯ ಋಷಿಯಿಂದ ಅಂತ ಹೇಳುತ್ತಾರಲ್ಲ, ಆ ಮಾಂಡವ್ಯ. ಮಹಾಭಾರತದ ಆದಿಪರ್ವದಲ್ಲಿ ಬರುತ್ತಾನೆ. ಋಷಿ ಮೌನವ್ರತದಲ್ಲಿ ಕೂತಿದ್ದಾನೆ. ಕಳ್ಳರು ಓಡಿ ಬಂದು ಮಾಲಿನ ಸಮೇತ ಆಶ್ರಮದೊಳಗೆ ಅಡಗುತ್ತಾರೆ. ಹಿಂದೆ ಬಂದ ಕಾವಲಿನವರು 'ಯಾವ ಕಡೆ ಹೋದರು' ಅಂತ ಕೇಳುತ್ತಾರೆ. ಋಷಿ ಬಾಯಿ ಬಿಡುವುದಿಲ್ಲ. ಹುಡುಕಿದರೆ ಕಳ್ಳರೂ ಅಲ್ಲೇ, ಮಾಲೂ ಅಲ್ಲೇ. ಇವತ್ತಿನ ಭಾಷೆಯಲ್ಲಿ ಮಹಜರು ಪಕ್ಕಾ. ರಾಜ ಎಲ್ಲರನ್ನೂ ಕೊಲ್ಲಿಸಿ ಅಂದ. ಋಷಿಯನ್ನೂ ಶೂಲಕ್ಕೆ ಏರಿಸಿದರು. ಅನ್ನ ನೀರು ಇಲ್ಲದಿದ್ದರೂ ಋಷಿ ಸಾಯಲಿಲ್ಲ. ಆಮೇಲೆ ನಿಜ ಗೊತ್ತಾಗಿ ರಾಜ ಓಡಿ ಬಂದು ಕಾಲು ಹಿಡಿದ. ಶೂಲ ಎಳೆದರೆ ಬರುತ್ತಿಲ್ಲ. ಬುಡದಲ್ಲಿ ಕತ್ತರಿಸಿದರು. ಒಳಗೆ ಉಳಿದ ತುಂಡನ್ನು ಹೊತ್ತುಕೊಂಡೇ ಋಷಿ ಓಡಾಡಿದ. ಆಣಿ ಮಾಂಡವ್ಯ ಅನ್ನುವ ಹೆಸರು ಬಂದಿದ್ದು ಹಾಗೆ.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಋಷಿ ನೇರ ಧರ್ಮರಾಜನ, ಅಂದರೆ ಯಮನ ಹತ್ತಿರ ಹೋಗಿ, ನಾನು ಮಾಡಿದ ಪಾಪ ಯಾವುದು ಅಂತ ಕೇಳುತ್ತಾನೆ. ಚಿಕ್ಕವನಿದ್ದಾಗ ನೀನು ಹುಳದ ಬಾಲಕ್ಕೆ ಕಡ್ಡಿ ಚುಚ್ಚಿದ್ದೆ ಅನ್ನುತ್ತಾನೆ ಧರ್ಮರಾಜ. ಇಷ್ಟಕ್ಕೆ ಅಷ್ಟಾ ಅಂತ ಋಷಿಗೆ ಸಿಟ್ಟು ಬಂದು, ನೀನು ಭೂಮಿಯ ಮೇಲೆ ಹುಟ್ಟು ಅಂತ ಶಪಿಸುತ್ತಾನೆ. ಹಾಗೆ ಹುಟ್ಟಿದವನು ವಿದುರ. ಜೊತೆಗೆ ಹದಿನಾಲ್ಕು ವರ್ಷದ ತನಕ ಮಾಡಿದ್ದು ಪಾಪವಲ್ಲ ಅಂತ ಋಷಿ ಒಂದು ಗೆರೆಯನ್ನೂ ಎಳೆಯುತ್ತಾನೆ.

ಈಗ ನೋಡಿ. ರಾಜ ಎಡವಿದ್ದು ಮೊದಲನೇ ಪ್ರಶ್ನೆಯಲ್ಲಿ. ಮಾಡದವನನ್ನು ಹಿಡಿದ. ಧರ್ಮರಾಜ ಮೊದಲನೇ ಪ್ರಶ್ನೆಯಲ್ಲಿ ಎಡವಲಿಲ್ಲ. ಹುಡುಗ ಕಡ್ಡಿ ಚುಚ್ಚಿದ್ದು ನಿಜ. ಎಡವಿದ್ದು ಎರಡನೆಯದರಲ್ಲಿ, ವಯಸ್ಸು ನೋಡಲಿಲ್ಲ, ಅಳತೆ ನೋಡಲಿಲ್ಲ. ಅದಕ್ಕೆ ಶಿಕ್ಷೆಯಾಗಿದ್ದು ಸಾಕ್ಷಾತ್ ಯಮನಿಗೆ. ಇಂಥ ಕಥೆ ಇರುವ ಊರಿನಲ್ಲಿ ಕೂತು, ಸಾಬೀತಾದ ಮೇಲೆ ಇನ್ನೇನು ಅಂತ ಕೇಳುತ್ತಾರೆ! (ಹದಿನೆಂಟು ತುಂಬದ ಹುಡುಗನಿಗೆ ಇವತ್ತು ಗಲ್ಲು ಕೊಡುವ ಹಾಗೇ ಇಲ್ಲ. ಘೋರ ಅಪರಾಧವಾದರೂ ಅಷ್ಟೆ.)

ಶಾಂತಿಪರ್ವದಲ್ಲಿ ಇನ್ನೊಂದಿದೆ. ಸಾವಿತ್ರಿಯ ಗಂಡ ಸತ್ಯವಾನ ಗೊತ್ತಲ್ಲ? ಅವನ ಅಪ್ಪ ದ್ಯುಮತ್ಸೇನ ಕೆಲವರನ್ನು ಕೊಲ್ಲಿಸಲು ಹೊರಟಾಗ ಸತ್ಯವಾನ ಅಡ್ಡ ನಿಲ್ಲುತ್ತಾನೆ. ಒಬ್ಬ ಕಳ್ಳನನ್ನು ಕೊಂದರೆ ಅವನ ಹೆಂಡತಿ, ತಾಯಿ, ತಂದೆ, ಮಕ್ಕಳನ್ನೂ ಕೊಂದ ಹಾಗೆ ಅನ್ನುತ್ತಾನೆ. ಕೆಟ್ಟವನೂ ಒಳ್ಳೆಯವರ ಸಂಗದಲ್ಲಿ ತಿದ್ದಿಕೊಳ್ಳಬಹುದು ಅನ್ನುತ್ತಾನೆ. ಅಪ್ಪ ಒಪ್ಪುವುದಿಲ್ಲ. ಹಿಂದೆ ಛೀ ಅಂದರೆ ಸಾಕಿತ್ತು, ಈಗ ಜನ ಅದಕ್ಕೆಲ್ಲ ಬಗ್ಗಲ್ಲ, ಕೊಲ್ಲದೆ ಬಿಟ್ಟರೆ ಧರ್ಮ ಅಧರ್ಮ ಕಲಸಿಹೋಗುತ್ತದೆ ಅನ್ನುತ್ತಾನೆ. ನಮ್ಮ ಕೋರ್ಟಿನಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರೂ ಆರೋಪಿ ಪರ ವಕೀಲರೂ ಮಾಡುವ ವಾದ ಇದೇ. ಅಪ್ಪನ ಮಾತನ್ನೂ ನಾನು ಹಗುರವಾಗಿ ತಗೊಳ್ಳುವುದಿಲ್ಲ. ಮಗಳನ್ನು ಕಳ್ಕೊಂಡ ತಾಯಿಯ ಎದುರು ಕೂತು ಸತ್ಯವಾನನ ಮಾತು ಹೇಳುವುದು ಸುಲಭವಲ್ಲ.

ಬೇರೆ ಗ್ರಂಥಗಳಲ್ಲೂ ಇದೇ ಕಥೆ. ಬೈಬಲ್‌ನ ವಿಮೋಚನಕಾಂಡದ 'ಕಣ್ಣಿಗೆ ಕಣ್ಣು' ಎಲ್ಲರಿಗೂ ಬಾಯಿಪಾಠ. ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಯಾರನ್ನೂ ಕೊಲ್ಲಬಾರದು, ಮೊದಲ ಕಲ್ಲನ್ನು ಸಾಕ್ಷಿಗಳೇ ಎಸೆಯಬೇಕು ಅನ್ನುವ ಧರ್ಮೋಪದೇಶಕಾಂಡದ ಮಾತು ಯಾರಿಗೂ ಬೇಡ. ಯಹೂದಿ ಪಂಡಿತರು ಇದರ ಮೇಲೆ ಜಗಳವನ್ನೇ ಆಡಿದ್ದಾರೆ. ಏಳು ವರ್ಷಕ್ಕೊಬ್ಬನನ್ನು ಕೊಂದ ನ್ಯಾಯಸಭೆಯೂ ವಿನಾಶಕಾರಿ ಅಂತ ಅವರ ಹಳೆಯ ಧರ್ಮಶಾಸ್ತ್ರ ಗ್ರಂಥ ಮಿಷ್ನಾದಲ್ಲಿದೆ. ಹೀಗೇ ಬಿಟ್ಟರೆ ಕೊಲೆಗಾರರು ಜಾಸ್ತಿಯಾಗುತ್ತಾರೆ ಅಂತ ಅಲ್ಲೇ ಇನ್ನೊಬ್ಬರ ಉತ್ತರವೂ ಇದೆ. ಕ್ಯಾಥೊಲಿಕ್ ಚರ್ಚು 2018ರಲ್ಲಿ ಮರಣದಂಡನೆ ಒಪ್ಪತಕ್ಕದ್ದಲ್ಲ ಅಂತ ತನ್ನ ಬೋಧನೆಯನ್ನೇ ತಿದ್ದಿಕೊಂಡಿತು.

ಕುರ್‌ಆನ್‌ನ ಅಲ್-ಬಕರ ಅಧ್ಯಾಯದ 178ನೇ ವಚನ ಕೊಲೆಗೆ ಪ್ರತೀಕಾರ ವಿಧಿಸುತ್ತದೆ. ಸತ್ತವನ ಕಡೆಯವರು ಪರಿಹಾರದ ಹಣ ತಗೊಂಡು ಕ್ಷಮಿಸುವ ದಾರಿಯನ್ನೂ ಅದೇ ವಚನ ತೆರೆಯುತ್ತದೆ. ಯೆಮನ್‌ನಲ್ಲಿ ಕೇರಳದ ನರ್ಸ್ ಒಬ್ಬರ ಮರಣದಂಡನೆ 2025ರ ಜುಲೈ 16ಕ್ಕೆ ನಿಗದಿಯಾಗಿ ಮುಂದಕ್ಕೆ ಹೋಯಿತಲ್ಲ, ಆಗ ನನ್ನ ಹತ್ತಿರ ಬಂದವರದ್ದೆಲ್ಲ ಒಂದೇ ಪ್ರಶ್ನೆ. 'ಹಂಗೆ ದುಡ್ಡು ಕಟ್ಟಿ ರಾಜಿ ಆಗ್ಬೋದಾ ಸಾ?' ಇಲ್ಲ. ಇಲ್ಲಿ ಕೊಲೆ ರಾಜಿಯಾಗುವ ಅಪರಾಧವಲ್ಲ. ಕೇಸು ನಡೆಸುವುದು ಸರ್ಕಾರ. ನೀವು ಕ್ಷಮಿಸಿದರೂ ಕೇಸು ಹೋಗುವುದಿಲ್ಲ, ಗಲ್ಲು ಬೇಕು ಅಂತ ಹಟ ಹಿಡಿದರೂ ಗಲ್ಲು ಬರುವುದಿಲ್ಲ.

ನಮ್ಮ ಭಾಗದವರು ಪಾಲಾರ್ ಕೇಸು ಮರೆತಿರಲಾರರು. 1993ರ ಏಪ್ರಿಲ್‌ನಲ್ಲಿ ವೀರಪ್ಪನ್ ಕಡೆಯವರು ಇಟ್ಟ ನೆಲಬಾಂಬಿಗೆ 22 ಜನ ಸತ್ತರು. ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೋರ್ಟು 2001ರಲ್ಲಿ ನಾಲ್ವರಿಗೆ ಜೀವಾವಧಿ ಕೊಟ್ಟಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ 2013ರಲ್ಲಿ ತಿರಸ್ಕಾರವಾಯಿತು. ಅಷ್ಟು ವರ್ಷ ಕಾಯಿಸಿದ್ದೇ ತಪ್ಪು ಅಂತ 2014ರ ಜನವರಿಯಲ್ಲಿ ಅದೇ ಸುಪ್ರೀಂ ಕೋರ್ಟ್ ಮತ್ತೆ ಜೀವಾವಧಿ ಮಾಡಿತು. ಮಾಡಿದರೋ ಇಲ್ಲವೋ ಅನ್ನುವ ಪ್ರಶ್ನೆ 2004ಕ್ಕೇ ಮುಗಿದಿತ್ತು. ಆಮೇಲಿನ ಹತ್ತು ವರ್ಷ ಕಳೆದಿದ್ದು ಎರಡನೇ ಪ್ರಶ್ನೆಯಲ್ಲಿ.

ಗಲ್ಲು ಇರಬೇಕೋ ಬೇಡವೋ ಅಂತ ನನ್ನನ್ನು ಕೇಳಬೇಡಿ. ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಬಿಟ್ಟು ಉಳಿದಿದ್ದಕ್ಕೆ ತೆಗೆಯಿರಿ ಅಂತ ಕಾನೂನು ಆಯೋಗ 2015ರಲ್ಲೇ ಹೇಳಿದೆ. ಸಂಸತ್ತು ತೆಗೆದಿಲ್ಲ. ಇರುವ ತನಕ ಪ್ರಾಸಿಕ್ಯೂಷನ್ ಕೇಳುತ್ತದೆ, ಆರೋಪಿ ಪರ ವಕೀಲರು ತಡೆಯುತ್ತಾರೆ. ಪ್ರತಿ ಕೇಸೂ ಬೇರೆ. ಇಲ್ಲಿ ಬರೆದಿದ್ದನ್ನು ನಿಮ್ಮ ಕೇಸಿಗೆ ಹಾಗೇ ಹಚ್ಚಬೇಡಿ, ನಿಮ್ಮ ವಕೀಲರನ್ನು ಕೇಳಿ.

ಒಂದು ಮಾತ್ರ ಕೈಮುಗಿದು ಕೇಳುತ್ತೇನೆ. ಗಲ್ಲಿನ ಗಲಾಟೆಯಲ್ಲಿ ಪರಿಹಾರದ ಅರ್ಜಿಯನ್ನೇ ಮರೆಯುತ್ತೀರಿ. ದುಡಿಯುವ ಗಂಡಸು ಹೋಗಿರುತ್ತಾನೆ, ಮಕ್ಕಳ ಫೀಸು ಕಟ್ಟೋಕೆ ಕಾಸಿರಲ್ಲ, ಮನೆಯವರೆಲ್ಲ ಶಿಕ್ಷೆಯ ದಿನಕ್ಕೆ ಕಾಯುತ್ತಾ ಕೂತಿರುತ್ತಾರೆ. ಸಂತ್ರಸ್ತರ ಪರಿಹಾರಕ್ಕೆ ತೀರ್ಪಿನವರೆಗೆ ಕಾಯಬೇಕಾಗಿಲ್ಲ, ಆರೋಪಿ ಸಿಗದಿದ್ದರೂ ಕೇಳಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ. ಎಫ್‌ಐಆರ್ ಪ್ರತಿ, ಮರಣ ಪ್ರಮಾಣಪತ್ರ, ಪೋಸ್ಟ್‌ಮಾರ್ಟಂ ವರದಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಝೆರಾಕ್ಸ್ ಜೊತೆಗಿರಲಿ. ಇನ್ನೇನಾದರೂ ಬೇಕಿದ್ದರೆ ಅವರೇ ಹೇಳುತ್ತಾರೆ. ಇದಕ್ಕೆ ಗಡುವು ಇರುತ್ತದೆ, ತಡ ಮಾಡಬೇಡಿ.