ಓದಿಕೊಡುವ ದನಿ: ಪಠ್ಯದಿಂದ ಹೊರಟ ಸೇವೆಯ ಕಥೆ

ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಲ್ಲಿ ಅನೇಕರಿಗೆ ಬೆಳೆದ ಮೇಲೆ ಬ್ರೈಲ್ ಲಿಪಿ ಕೈಹತ್ತಲಿಲ್ಲ. ಅಂಥವರಿಗಾಗಿ ನಡೆದ ಪ್ರಯೋಗಗಳಿಂದ 1934ರಲ್ಲಿ ಅಮೆರಿಕದಲ್ಲಿಯೂ 1935ರಲ್ಲಿ ಬ್ರಿಟನ್ನಿನಲ್ಲಿಯೂ ಗ್ರಾಮಫೋನ್ ತಟ್ಟೆಗಳ ಮೇಲೆ ‘ಮಾತನಾಡುವ ಪುಸ್ತಕ’ಗಳು ಬಂದವು. ಎರಡನೆಯ ಮಹಾಯುದ್ಧ ಮುಗಿದು, ಮಾಜಿ ಸೈನಿಕರಿಗೆ ಸರ್ಕಾರದ ಖರ್ಚಿನಲ್ಲಿ ಕಾಲೇಜಿನ ಬಾಗಿಲು ತೆರೆದಾಗ, ಅಂಧ ವಿದ್ಯಾರ್ಥಿಗಳು ಪಠ್ಯಪುಸ್ತಕಗಳನ್ನು ಓದಿಕೊಡಿರೆಂದು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ ಪತ್ರ ಬರೆದರು. 1948ರಲ್ಲಿ ಆನ್ ಮ್ಯಾಕ್‌ಡೊನಾಲ್ಡ್ ಅವರ ಮುಂದಾಳ್ತನದಲ್ಲಿ ಮಹಿಳೆಯರ ಗುಂಪೊಂದು ಈ ಕೆಲಸಕ್ಕೆ ಕುಳಿತಿತು. ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಸುಮಾರು 12 ನಿಮಿಷದ ಓದು ಮಾತ್ರ. ಒಂದು ಪಠ್ಯಪುಸ್ತಕಕ್ಕೆ ಎಷ್ಟು ತಟ್ಟೆ, ಎಷ್ಟು ಸಂಜೆಗಳು ಬೇಕಾಗಿದ್ದಿರಬೇಕೆಂದು ಊಹಿಸಿದರೆ ಆ ಗುಂಪಿನ ಬಗ್ಗೆ ಗೌರವ ಹೆಚ್ಚುತ್ತದೆ.

ಈ ಸೇವೆಯನ್ನು ಎಲ್ಲ ಕೇಳುಗರಿಗೂ, ಹಲವು ಭಾಷೆಗಳಿಗೂ ತೆರೆದದ್ದು 2005ರ ಆಗಸ್ಟ್‌ನಲ್ಲಿ ಮಾಂಟ್ರಿಯಲ್‌ನ ಹ್ಯೂ ಮ್ಯಾಕ್‌ಗೈರ್ ಆರಂಭಿಸಿದ ಲಿಬ್ರಿವಾಕ್ಸ್ ಎಂಬ ಉಚಿತ ಧ್ವನಿಪುಸ್ತಕಗಳ ಜಾಲತಾಣ. ಹಕ್ಕುಸ್ವಾಮ್ಯ ಮುಗಿದ ಕೃತಿಗಳನ್ನು ಸ್ವಯಂಸೇವಕರು ತಮ್ಮ ಮನೆಯಲ್ಲೇ ಕುಳಿತು ಓದುತ್ತಾರೆ. ಇನ್ನೊಬ್ಬರು ಅದನ್ನು ಕೇಳಿ ತಪ್ಪು ಗುರುತಿಸುತ್ತಾರೆ.

ಕನ್ನಡದಲ್ಲಿ ಹೀಗೆ ಓದಲು ಹೊರಟವರು ಮೊದಲು ಹಕ್ಕಿನ ಲೆಕ್ಕ ನೋಡಬೇಕು. ಭಾರತದಲ್ಲಿ ಲೇಖಕರ ನಿಧನದ ನಂತರ 50 ವರ್ಷವಿದ್ದ ಹಕ್ಕಿನ ಅವಧಿ, ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ, 60ಕ್ಕೆ ಏರಿತು. ಹೀಗಾಗಿ 1942ರಲ್ಲಿ ತೀರಿಕೊಂಡ ಗಳಗನಾಥರ ಕಾದಂಬರಿಗಳನ್ನು ಇಲ್ಲಿ ಯಾರು ಬೇಕಾದರೂ ಓದಿ ಹಂಚಬಹುದು. 1981ರಲ್ಲಿ ಅಗಲಿದ ಬೇಂದ್ರೆಯವರ ಕವಿತೆಗಳಿಗೆ 2041 ಮುಗಿಯುವವರೆಗೆ ಅನುಮತಿ ಬೇಕು. ಆದರೆ 2012ರ ತಿದ್ದುಪಡಿಯ ಪ್ರಕಾರ, ಮುದ್ರಿತ ಪುಟ ಓದಲಾಗದ ಅಂಗವಿಕಲರಿಗಾಗಿ, ಲಾಭದ ಉದ್ದೇಶವಿಲ್ಲದೆ, ಹಕ್ಕಿರುವ ಪುಸ್ತಕವನ್ನೂ ಧ್ವನಿರೂಪಕ್ಕೆ ತರಬಹುದು. ಇದೇ ಆಶಯದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದು ಭಾರತವೇ.

ದನಿಯ ಸಂಸ್ಕಾರ ನಮಗೆ ಹೊಸದಲ್ಲ. ಗಮಕಿಯೊಬ್ಬರು ಕುಮಾರವ್ಯಾಸನ ಪದ್ಯವನ್ನು ಎಲ್ಲಿ ಬಿಡಿಸಿ ಎಲ್ಲಿ ಕೂಡಿಸಿ ಹಾಡುತ್ತಾರೆಂಬುದರ ಮೇಲೆಯೇ ಅರ್ಥ ಕಿವಿಗೆ ಇಳಿಯುತ್ತದೆ. ‘ಹಳ್ಳಿ’ಯ ಳಕಾರ ಜಾರಿದರೆ ಕೇಳುಗರಿಗೆ ‘ಹಲ್ಲಿ’ ಎದುರಾಗುತ್ತದೆ. ಫ್ಯಾನು ಆರಿಸಿ, ಪಕ್ಕದ ಮನೆಯ ಕುಕ್ಕರ್ ಕೂಗು ನಿಲ್ಲುವವರೆಗೆ ಕಾದು ಓದುವವರಿಗೆ ಈ ಎಚ್ಚರವೂ ಇರಬೇಕು.

ಸ್ವಯಂಸೇವಕರು ಸಹಜವಾಗಿ ಕಥೆ, ಕಾದಂಬರಿಗಳತ್ತ ಒಲಿಯುತ್ತಾರೆ. ಆದರೆ ಈ ಸೇವೆಗೆ ನಾಂದಿಯಾದ ಪಠ್ಯದ ಕೆಲಸವೇ ಕನ್ನಡದಲ್ಲಿ ಹೆಚ್ಚು ತುರ್ತಿನದು ಎಂದು ನಾನು ನಂಬಿದ್ದೇನೆ. ಚಿತ್ರರೂಪದಲ್ಲಿ ಸ್ಕ್ಯಾನ್ ಆದ ಪುಟವನ್ನು ಅಕ್ಷರಕ್ಕೆ ಇಳಿಸದ ಹೊರತು, ಪರದೆಯ ಬರಹವನ್ನು ದನಿಯಲ್ಲಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಓದಲಾರದು; ಪದವಿ ಪರೀಕ್ಷೆಗೆ ಕೂರುವ ಅಂಧ ವಿದ್ಯಾರ್ಥಿ ಗೆಳೆಯರ ಬಿಡುವಿಗಾಗಿ ಕಾಯಬೇಕಾಗುತ್ತದೆ. ಅವರಿಗೆ ಅರ್ಥಶಾಸ್ತ್ರದ ಒಂದು ಅಧ್ಯಾಯ ಓದಿಕೊಡುವವರು ಪುಟದ ಸಂಖ್ಯೆ ಹೇಳಬೇಕು, ಕೋಷ್ಟಕ ಬಂದಾಗ ಎಷ್ಟು ಸಾಲು, ಎಷ್ಟು ಕಂಬಸಾಲು ಎಂದು ಮೊದಲು ತಿಳಿಸಿ, ಆಮೇಲೆ ಎಡದಿಂದ ಬಲಕ್ಕೆ ಒಂದೊಂದೇ ಅಂಕಿಯನ್ನು ನಿಧಾನವಾಗಿ ಓದಬೇಕು.